ಒಂದೇ ಸಲ ಬೇಡ ಅಂದದ್ದು

ಬ್ರೆಸ್ತೊವಿನ,
14 ಅಕ್ಟೋಬರ್ 2018, ಭಾನುವಾರ

ಅಪ್ಪ,

ಇವತ್ತು ಬೆಳಿಗ್ಗೆ ಲಾಯದಲ್ಲಿ ಸರ್ನಾಳ ಮೈ ಉಜ್ಜುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಅವಳ ಬೆನ್ನಿನ ಮೇಲೆ, ಜೀನು ಕೂರುವ ಕಡೆ ಸವೆದುಹೋಗಿದ್ದ ಕೂದಲು ಪೂರ್ತಿ ಬೆಳೆದುಬಿಟ್ಟಿದೆ. ಹೊಟ್ಟೆಪಟ್ಟಿ ಬಿಗಿಯುವ ಜಾಗದಲ್ಲೂ ಹಾಗೆಯೇ. ಕೈಯಾಡಿಸಿದರೆ ಎಲ್ಲಿ ಶುರು, ಎಲ್ಲಿ ಕೊನೆ ಎಂದು ತಿಳಿಯುವುದಿಲ್ಲ. ಈ ಬೆನ್ನನ್ನು ಯಾರೂ ಯಾವತ್ತೂ ಹತ್ತಿಯೇ ಇಲ್ಲವೇನೋ ಅನ್ನುವ ಹಾಗಿದೆ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು "ಊಟ ಆಯ್ತಾ? ಚಳಿ ಇದ್ಯಾ? ತಗೋ, ಅತ್ತೆ ಮಾತಾಡ್ತಾಳೆ" ಎಂದು ದಾಟಿಸಿಬಿಡುತ್ತೀಯ. ಅದಕ್ಕೆ ಬರೆಯುತ್ತಿದ್ದೇನೆ. ಕಾಗದವನ್ನು ಅತ್ತೆಯ ಕೈಗೆ ಕೊಡುವ ಮುಂಚೆ ನೀನೇ ಓದಬೇಕಾಗುತ್ತದಲ್ಲ.

ನಾನು ಬಂದು ಹತ್ತು ದಿನವಾಯಿತು. ಬಸ್ಸಿನ ಡ್ರೈವರ್ ತಾನೇ ಇಳಿದು ಬಂದು ನನ್ನ ಚೀಲ ಹಿಡಿದುಕೊಂಡ. ಊರಿನಲ್ಲಿ ನಾಲ್ಕು ತಿಂಗಳ ಹಿಂದೆ ನನ್ನ ಹೆಸರು ನೆನಪಿಲ್ಲದವರೂ ಈಗ ಕರೆದು ಕೂರಿಸುತ್ತಾರೆ. ಮೊನ್ನೆ ಸರ್ನಾಳಿಗೆ ನೀರು ಒಯ್ಯುತ್ತಿದ್ದೆ, ಪಕ್ಕದ ಮನೆಯ ಮಿತ್ರಜ್ಜಿ ಬೇಲಿಯ ಆಚೆಯಿಂದ ಕೂಗಿದರು:

"ಇಡೇ ಕೆಳಗೆ! ಬಕೆಟ್ ಇಡು ಅಂದೆ!"

"ಅರ್ಧ ಬಕೆಟ್ ಅಷ್ಟೇ ಅಜ್ಜಿ."

"ಅರ್ಧ ಮನುಷ್ಯಳಿಗೆ ಅರ್ಧ ಬಕೆಟ್ಟೂ ಭಾರಾನೇ. ಕೊಡು ಇಲ್ಲಿ."

ಎಂಬತ್ತೊಂದು ವರ್ಷದ, ಸೊಂಟ ಬಾಗಿದ ಮಿತ್ರಜ್ಜಿ ಬಕೆಟ್ ಹೊತ್ತು ಮುಂದೆ ನಡೆದರು. ಇಪ್ಪತ್ತೈದು ವರ್ಷದ ನಾನು ಕೈಬೀಸಿಕೊಂಡು ಹಿಂದೆ.

ಎಲ್ಲರ ಕಣ್ಣೂ ನನ್ನ ಸೊಂಟದ ಹಿಂಭಾಗಕ್ಕೆ ಹೋಗುತ್ತದೆ. ಗಾಯದ ಗುರುತು ಅಲ್ಲಿಲ್ಲ, ಮುಂದೆ, ಕಿಬ್ಬೊಟ್ಟೆಯ ಮೇಲಿದೆ ಎಂದು ನಾನು ಹೇಳುವುದಿಲ್ಲ. ಹೇಳಿದರೆ ಅಲ್ಲಿ ನೋಡುತ್ತಾರೆ. ನೋಡಿದ ಮೇಲೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಅಪ್ಪ ಹೇಗಿದ್ದಾರೆ?" ಚೆನ್ನಾಗಿದ್ದಾರೆ ಎನ್ನುತ್ತೇನೆ. ಅಲ್ಲಿಗೆ ಮಾತು ಮುಗಿಯುತ್ತದೆ.

ಸೋಫಿಯಾದಿಂದ ಹೊರಡುವ ಮುಂಚೆ ಡಾಕ್ಟರಮ್ಮನನ್ನು ಒಬ್ಬಳೇ ಹೋಗಿ ಕಂಡೆ. ನಿನಗೆ ಹೇಳಿರಲಿಲ್ಲ. ಮತ್ತೆ ಕುದುರೆ ಹತ್ತಬಹುದಾ ಎಂದು ಕೇಳಿದೆ. ಅವರು ನಕ್ಕರು.

"ನಡೆಸು, ನಿಧಾನಕ್ಕೆ ಓಡಿಸು. ಪಂದ್ಯ ಬೇಡ, ಜಿಗಿಸೋದು ಬೇಡ. ಬೆನ್ನಿಗೆ ಕವಚ ಹಾಕ್ಕೋ. ಬಿದ್ರೆ ಆ ಪಕ್ಕಕ್ಕೆ ಮಾತ್ರ ಬೀಳ್ಬೇಡ."

"ಯಾವ ಪಕ್ಕಕ್ಕೆ?"

"ಯಾವ ಪಕ್ಕಕ್ಕೂ ಬೀಳ್ಬೇಡ ಹೋಗು."

ಹಾಗಾಗಿ ನಿನ್ನನ್ನು ಕೇಳುತ್ತಿದ್ದೇನೆ. ಡಾಕ್ಟರಮ್ಮ ಹೂಂ ಅಂದಿದ್ದಾರೆ. ನೀನು ಏನನ್ನುತ್ತೀಯ?

ನಿನ್ನ
ರಾದಿನಾ

*

ಸೋಫಿಯಾ,
22 ಅಕ್ಟೋಬರ್

ಮಗಳೇ,

ಬೇಡ.

ಇಷ್ಟು ಬರೆದು ಲಕೋಟೆ ಅಂಟಿಸಲು ಹೋಗಿದ್ದೆ. ನಿಮ್ಮತ್ತೆ ಹೆಗಲ ಮೇಲಿಂದ ಇಣುಕಿ "ಅಷ್ಟೇನಾ? ಆ ಸ್ಟಾಂಪಿಗಾದ್ರೂ ಮರ್ಯಾದೆ ಬೇಡ್ವಾ ಸ್ತಾಮೆನ್?" ಅಂದಳು. ಅದಕ್ಕೆ ಮುಂದೆ ಬರೆಯುತ್ತಿದ್ದೇನೆ.

ನಾನು ಚೆನ್ನಾಗಿದ್ದೇನೆ. ವಾರಕ್ಕೊಮ್ಮೆ ರಕ್ತ ತೆಗೆಯುತ್ತಾರೆ. ಡಾಕ್ಟರು ಕಾಗದ ನೋಡಿ ತಲೆದೂಗಿ, "ಮಗಳ ಕಿಡ್ನಿ ಗಟ್ಟಿ ಇದೆ" ಅನ್ನುತ್ತಾರೆ. ನಿನ್ನದು ನನ್ನ ಒಳಗೆ ಕೂತು ಹಗಲಿಡೀ ದುಡಿಯುತ್ತದೆ. ನಾನು ಆರನೇ ಮಹಡಿಯ ಬಾಲ್ಕನಿಯಲ್ಲಿ ಕೂತು ಟ್ರಾಮು ಎಣಿಸುತ್ತೇನೆ. ಮೂವತ್ತು ವರ್ಷ ಕಾಡು ಕಾದವನು ಈಗ ಎರಡು ಕುಂಡದ ಗಿಡ ಕಾಯುತ್ತೇನೆ. ಅದನ್ನೂ ಮುಟ್ಟುವ ಹಾಗಿಲ್ಲ, ಮಣ್ಣು ಆಗಬಾರದಂತೆ. ಒಂದು ಪಟ್ಟಿ ಕೊಟ್ಟಿದ್ದಾರೆ: ಮಣ್ಣು ಬೇಡ, ಉಪ್ಪಿನಕಾಯಿ ಬೇಡ, ಹುಲ್ಲಿನ ಧೂಳು ಬೇಡ, ಲಾಯದ ಹತ್ತಿರ ಇನ್ನೂ ಒಂದು ವರ್ಷ ಸುಳಿಯಲೇಬಾರದು. ಚಕ್ಕೋತ ಬೇಡ ಅಂತಲೂ ಇದೆ. ಜನ್ಮದಲ್ಲಿ ನಾನು ಅದನ್ನು ತಿಂದವನಲ್ಲ. ಈಗ ತಿನ್ನಬೇಕು ಅನ್ನಿಸುತ್ತಿದೆ.

ನನ್ನ ಕಾಡಿನ ಕೋಟನ್ನು ನಿಮ್ಮತ್ತೆ ಎರಡು ಸಲ ಒಗೆದಳು. ಸರ್ನಾಳ ವಾಸನೆ ಇತ್ತು ಅದರಲ್ಲಿ. ಈಗ ಸೋಪಿನದು.

ಸವಾರಿ ವಿಷಯ. ಆ ಡಾಕ್ಟರಮ್ಮ ಕುದುರೆಯಿಂದ ಬಿದ್ದವರಲ್ಲ. ನಾನು ಹನ್ನೊಂದು ಸಲ ಬಿದ್ದಿದ್ದೇನೆ, ಒಂದು ಸಲವೂ ಯಾವ ಪಕ್ಕಕ್ಕೆ ಬೀಳಲಿ ಎಂದು ನನ್ನನ್ನು ಯಾರೂ ಕೇಳಲಿಲ್ಲ. ನಿನಗೆ ಇರುವುದು ಒಂದು. ಅದಕ್ಕೆ ಏನಾದರೂ ಆದರೆ ಕೊಡಲು ನನ್ನ ಹತ್ತಿರ ಏನೂ ಇಲ್ಲ. ಇರುವುದೂ ನಿನ್ನದೇ.

ಲಾಳದ ತ್ಸಾಂಕೊ ಸರ್ನಾಳನ್ನು ಬಯಲಿಗೆ ಬಿಡಲಿ. ನೀನು ಹತ್ತಬೇಡ.

ಅಪ್ಪ

*

ಬ್ರೆಸ್ತೊವಿನ,
18 ನವೆಂಬರ್

ಅಪ್ಪ,

ನಿನ್ನ ಮಾತಿನಂತೆ ಹತ್ತಲಿಲ್ಲ. ಜೀನಿಗೆ ಎಣ್ಣೆ ಹಚ್ಚಿ ಬಟ್ಟೆ ಮುಚ್ಚಿಟ್ಟಿದ್ದೇನೆ.

ಆದರೆ ಕುದುರೆ ದಿನವಿಡೀ ಲಾಯದಲ್ಲಿ ನಿಂತರೆ ಕಾಲು ಊದುತ್ತದೆ. ಅದಕ್ಕೆ ಹಗ್ಗ ಹಿಡಿದು ನಾನೇ ನಡೆಸಿಕೊಂಡು ಹೋಗುತ್ತೇನೆ. ಸ್ಮಶಾನ ದಾಟಿ, ಪ್ಲಮ್ ತೋಟ ದಾಟಿ, ಹಳ್ಳದವರೆಗೆ. ಮೊದಲ ದಿನ ತ್ಸಾಂಕೊ ಚಿಕ್ಕಪ್ಪ ಲಾಳ ಬಡಿಯುವುದನ್ನು ನಿಲ್ಲಿಸಿ ರಸ್ತೆಗೇ ಬಂದು ನಿಂತರು.

"ಏನಮ್ಮಾ ಇದು, ಕುದುರೆಗೆ ನಾಯಿ ಥರ ವಾಕಿಂಗಾ?"

"ಅಪ್ಪ ಹತ್ತಬೇಡ ಅಂದಿದ್ದಾರೆ."

"ಅವಳು ನಿನ್ನ ಮೇಲೆ ಹತ್ತೋದು ಬೇಡ ಅಂದ್ನಾ? ಇಲ್ವಲ್ಲ. ಹಂಗಾದ್ರೆ ಒಂದ್ ಕೆಲ್ಸ ಮಾಡು, ಅವಳನ್ನ ಹೊತ್ಕೊಂಡ್ ಹೋಗು."

ನಾನು ನಕ್ಕೆ. ಅವರು ನಗಲಿಲ್ಲ. ನಿನ್ನ ಸ್ನೇಹಿತರು ತಮಾಷೆ ಮಾಡುವಾಗ ಯಾರೂ ನಗುವುದಿಲ್ಲ, ಅದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ.

ವಾಚನಾಲಯದಲ್ಲಿ ವಾರಕ್ಕೆ ಮೂರು ದಿನ ಕೆಲಸ ಸಿಕ್ಕಿದೆ. ಒಲೆ ಹಚ್ಚುತ್ತೇನೆ, ಪುಸ್ತಕದ ಧೂಳು ಹೊಡೆಯುತ್ತೇನೆ. ಓದುವವರು ಅಂತ ಬರುವುದು ಇಬ್ಬರೋ ಮೂವರೋ, ಅವರೂ ಬೆಚ್ಚಗೆ ಕೂರಲು. ಐದು ವರ್ಷ ಸಾಹಿತ್ಯ ಓದಿ ಬಂದವಳು ಒಲೆಗೆ ಕಟ್ಟಿಗೆ ತುಂಬುತ್ತಾಳೆ ಎಂದು ನೀನು ಬೇಜಾರು ಮಾಡಿಕೊಳ್ಳಬೇಡ. ನನಗೆ ಅದು ಇಷ್ಟ. ಅಲ್ಲಿ ಯಾರೂ ಮಾತಾಡಬೇಕಾಗಿಲ್ಲ.

ಮನೆಯಲ್ಲೂ ಯಾರೂ ಮಾತಾಡುವುದಿಲ್ಲ. ಸಂಜೆ ಐದಕ್ಕೇ ಕತ್ತಲಾಗುತ್ತದೆ. ಒಂದು ತಟ್ಟೆ, ಒಂದು ಚಮಚ. ಅಮ್ಮ ತೀರಿಕೊಂಡ ವರ್ಷ ನೀನು ಹೇಗಿದ್ದೆ ಈ ಮನೆಯಲ್ಲಿ, ನಾನು ಹಾಸ್ಟೆಲಿಗೆ ಹೋದ ಮೇಲೆ ಹೇಗಿದ್ದೆ, ಒಂದು ದಿನವೂ ಕೇಳಲಿಲ್ಲವಲ್ಲ ಎಂದು ಈಗ ಅನ್ನಿಸುತ್ತದೆ.

ಹಳ್ಳದ ದಂಡೆಯಲ್ಲಿ ಆ ಅಗಲದ ಕಲ್ಲಿದೆಯಲ್ಲ, ನೀನು ಅದರ ಮೇಲೆ ನಿಲ್ಲಿಸಿ ನನ್ನನ್ನು ಹತ್ತಿಸುತ್ತಿದ್ದೆ. ಸರ್ನಾ ಅಲ್ಲಿಗೆ ಬಂದ ಕೂಡಲೇ ತಾನಾಗಿ ಅಡ್ಡ ತಿರುಗಿ, ಕಲ್ಲಿಗೆ ಮೈ ತಾಗಿಸಿ ನಿಲ್ಲುತ್ತಾಳೆ. ನಾನು ಹಗ್ಗ ಹಿಡಿದು ಪಕ್ಕದಲ್ಲಿ ನಿಲ್ಲುತ್ತೇನೆ. ಅವಳು ಕಾಯುತ್ತಾಳೆ. ಸ್ವಲ್ಪ ಹೊತ್ತಾದ ಮೇಲೆ ಕತ್ತು ತಿರುಗಿಸಿ ಒಮ್ಮೆ ನೋಡುತ್ತಾಳೆ. ಆಮೇಲೆ ನಾವಿಬ್ಬರೂ ಬಂದ ದಾರಿಯಲ್ಲೇ ವಾಪಸು ಬರುತ್ತೇವೆ.

ನಿನ್ನ
ರಾದಿನಾ

*

ಸೋಫಿಯಾ,
9 ಡಿಸೆಂಬರ್

ಮಗಳೇ,

ಸಂತ ನಿಕೊಲಾಯ್ ದಿನಕ್ಕೆ ನಿಮ್ಮತ್ತೆ ಮೀನು ಮಾಡಿದಳು, ಉಪ್ಪಿಲ್ಲದೆ. ಮೀನಿಗೂ ಬೇಜಾರಾಗಿರಬೇಕು.

ಎಲ್ಲ ಸರಿ ಇದೆ. ಗುಳಿಗೆ ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ. ಬೇಸಿಗೆಗೆ, ಜೂನಿನಲ್ಲಿ, ಊರಿಗೆ ಬಿಡುತ್ತೇವೆ ಅಂದಿದ್ದಾರೆ. ಬಂದರೂ ಲಾಯದ ಒಳಗೆ ಕಾಲಿಡುವ ಹಾಗಿಲ್ಲ. ನೀನೂ ಹತ್ತುವ ಹಾಗಿಲ್ಲ. ಇನ್ನು ಆ ಕುದುರೆ ಯಾರಿಗೆ ಎಂದು ಬಾಲ್ಕನಿಯಲ್ಲಿ ಕೂತು ಯೋಚಿಸುತ್ತೇನೆ.

ಅವಳ ಹಿಂದಿನ ಎಡಗಾಲಿನ ಗೊರಸು ನೋಡಲು ತ್ಸಾಂಕೊಗೆ ಹೇಳು. ಹಿಮದಲ್ಲಿ ಅದು ಬಿರಿಯುತ್ತದೆ.

ನೀನು ನೀರು ಕುಡಿಯುತ್ತಿದ್ದೀಯ ತಾನೇ? ದಿನಕ್ಕೆ ಎರಡು ಲೀಟರು.

ಅಪ್ಪ

*

ಬ್ರೆಸ್ತೊವಿನ,
3 ಫೆಬ್ರವರಿ 2019

ಅಪ್ಪ,

ಡಿಸೆಂಬರಿನ ನಿನ್ನ ಪತ್ರಕ್ಕೆ ಉತ್ತರ ಬರೆಯಲಿಲ್ಲ. ಬರೆಯಲು ವಿಷಯವಿರಲಿಲ್ಲ. ಈಗ ಇದೆ.

ಗುರುವಾರ ಮಧ್ಯಾಹ್ನ ತ್ಸಾಂಕೊ ಚಿಕ್ಕಪ್ಪನ ಜೊತೆ ಮಿಂಚೊ ಅಂತ ಒಬ್ಬರು ಬಂದರು. ಗುಡ್ಡದ ಆಚೆ, ಪ್ರವಾಸಿಗಳನ್ನು ಕುದುರೆ ಮೇಲೆ ಸುತ್ತಾಡಿಸುವವರಂತೆ. ನಾನು ಕಾಫಿ ಕಾಯಿಸಲು ಒಳಗೆ ಹೋಗಿ ಬರುವಷ್ಟರಲ್ಲಿ ಸರ್ನಾಳ ತುಟಿ ಎತ್ತಿ ಹಲ್ಲು ನೋಡುತ್ತಿದ್ದರು.

"ವಯಸ್ಸು ಹನ್ನೊಂದಾ?"

"ಹತ್ತು," ಅಂದರು ಚಿಕ್ಕಪ್ಪ.

"ಹಲ್ಲು ಹನ್ನೊಂದು ಅಂತಿದೆ."

"ಹಲ್ಲಿಗೆ ಲೆಕ್ಕ ಬರಲ್ಲ ಬಿಡು."

ಮಿಂಚೊ ಕಾಫಿ ತೆಗೆದುಕೊಂಡು ನನ್ನ ಕಡೆ ತಿರುಗಿದರು. "ಮಾರ್ಚಿಗೆ ಕುದುರೆ ಹಬ್ಬದ ದಿನ ಈ ತ್ಸಾಂಕೊ ಅಳಿಯ ಇವಳನ್ನ ಓಟದಲ್ಲಿ ಓಡಿಸ್ತಾನಂತೆ. ನೋಡ್ತೀನಿ, ಅವತ್ತೇ ಕರ್ಕೊಂಡ್ ಹೋಗ್ತೀನಿ. ನಿಮ್ಮಪ್ಪಂಗೂ ಹಂಗೇ ಹೇಳಿದೀನಿ."

"ಯಾವಾಗ ಹೇಳಿದ್ರಿ?"

"ಕ್ರಿಸ್‌ಮಸ್ಸಿಗೆ ಮುಂಚೇನೇ. ಯಾಕಮ್ಮಾ, ನಿಂಗೊತ್ತಿಲ್ವಾ?"

ತ್ಸಾಂಕೊ ಚಿಕ್ಕಪ್ಪ ಬಗ್ಗಿ ಸರ್ನಾಳ ಕಾಲೆತ್ತಿ ಗೊರಸು ನೋಡತೊಡಗಿದರು. ಬಹಳ ಹೊತ್ತು ನೋಡಿದರು. ಅದರಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

"ಗೊತ್ತು," ಎಂದೆ. ಗೊತ್ತಿಲ್ಲ ಅಂದಿದ್ದರೆ ಅವರ ಮುಂದೆ ನಿನ್ನ ಮರ್ಯಾದೆ ಹೋಗುತ್ತಿತ್ತು.

ಕುದುರೆ ನಿನ್ನದು. ಮಾರುವ ಹಕ್ಕು ನಿನಗಿದೆ. ಪ್ರತಿ ಭಾನುವಾರ ಫೋನಿನಲ್ಲಿ ಊಟ ಆಯಿತಾ, ಚಳಿ ಇದೆಯಾ ಎಂದು ಕೇಳಿದೆಯಲ್ಲ, ಆ ಎರಡರ ಮಧ್ಯೆ ಒಂದು ಮಾತು ಹೇಳಲು ಜಾಗವಿತ್ತು.

ಅವರು ಹೋದ ಮೇಲೆ ಕಾಫಿ ಲೋಟ ತೊಳೆದೆ. ಲಾಯಕ್ಕೆ ಹೋಗಿ ಅವಳ ಪಕ್ಕ ನಿಂತೆ. ಜೂನ್ ತಿಂಗಳಲ್ಲಿ ನನ್ನನ್ನು ಆಪರೇಷನ್ನಿಗೆ ಒಳಗೆ ಒಯ್ಯುವಾಗ ಹೆದರಿಕೆಯಾಗಿರಲಿಲ್ಲ ಅಪ್ಪ. ಎದ್ದ ಮೇಲೆ ಆಗಬಹುದಾದ ಒಳ್ಳೆಯದನ್ನೆಲ್ಲ ಲೆಕ್ಕ ಹಾಕುತ್ತಾ ಮಲಗಿದ್ದೆ. ನೀನು ಊರಿಗೆ ಬರುತ್ತೀಯ. ನಾನು ಸರ್ನಾಳನ್ನು ಹತ್ತುತ್ತೇನೆ. ಲೆಕ್ಕದಲ್ಲಿ ಇದ್ದದ್ದು ಅವೆರಡೇ.

ರಾದಿನಾ

*

ಬ್ರೆಸ್ತೊವಿನ,
7 ಮಾರ್ಚ್

ಅಪ್ಪ,

ಒಂದು ತಿಂಗಳಾಯಿತು, ನಿನ್ನ ಕಾಗದವಿಲ್ಲ. ಭಾನುವಾರಗಳಲ್ಲಿ ಅತ್ತೆ ಮಾತ್ರ ಮಾತಾಡುತ್ತಾರೆ. ನೀನು ನಿದ್ದೆ ಮಾಡುತ್ತಿದ್ದೀಯ ಅನ್ನುತ್ತಾರೆ. ಹಿಂದೆ ನೀನು ಕೆಮ್ಮುವುದು ಕೇಳಿಸುತ್ತದೆ.

ಬರುವ ಭಾನುವಾರ ಕ್ಷಮೆಯ ದಿನ. ಪ್ರತಿ ವರ್ಷ ನಾನು ನಿನ್ನ ಕೈಗೆ ಮುತ್ತಿಟ್ಟು "ಕ್ಷಮಿಸು ಅಪ್ಪ" ಅನ್ನುತ್ತಿದ್ದೆ, ನೀನು "ದೇವರು ಕ್ಷಮಿಸಲಿ" ಅನ್ನುತ್ತಿದ್ದೆ, ಆಮೇಲೆ ಹಲ್ವಾ ತಿನ್ನುತ್ತಿದ್ದೆವು. ಏನು ತಪ್ಪು ಮಾಡಿದೆ ಎಂದು ನೀನು ಕೇಳುತ್ತಿರಲಿಲ್ಲ, ನಾನು ಹೇಳುತ್ತಿರಲಿಲ್ಲ. ಈ ಸಲ ಹೇಳಬೇಕು.

ನಾನು ಹತ್ತಿದೆ. ಹೋದ ಶನಿವಾರ, ಬೆಳಿಗ್ಗೆ ಏಳಕ್ಕೆ.

ಬೇಕೆಂದೇ ಹತ್ತಿದೆ. ಹೇಗೂ ಅವಳು ಹೋಗುವವಳು ಎಂದು ಹತ್ತಿದೆ. ಬೆನ್ನಿಗೆ ಕವಚ ಹಾಕಿಕೊಂಡೆ. ಜೀನು ಹೊತ್ತು ತರುವಾಗ ಮಿತ್ರಜ್ಜಿ ಎಲ್ಲಿ ಎದ್ದುಬಿಟ್ಟಿರುತ್ತಾರೋ ಎಂದು ಕಳ್ಳಿಯ ಹಾಗೆ ಗೋಡೆ ಪಕ್ಕ ನಡೆದೆ. ಮೊದಲಿನಂತೆ ನೆಲದಿಂದ ಹಾರಿ ಕೂರಲು ಆಗಲಿಲ್ಲ. ಕಾಲು ರಿಕಾಪಿಗೆ ಹಾಕಿ ಮೈ ಎತ್ತುವಾಗ ಹೊಟ್ಟೆಯ ಗಾಯದ ಹತ್ತಿರ ಏನೋ ಬಿಗಿಯಿತು, ಇಳಿದುಬಿಟ್ಟೆ. ಹಳ್ಳದವರೆಗೆ ನಡೆಸಿಕೊಂಡು ಹೋದೆ. ಆ ಕಲ್ಲಿನ ಹತ್ತಿರ ಅವಳು ಎಂದಿನ ಹಾಗೆ ಅಡ್ಡ ನಿಂತಳು. ಕಲ್ಲಿನ ಮೇಲೆ ನಿಂತು ನಾನು ಎಷ್ಟು ಹೊತ್ತು ಯೋಚಿಸಿದೆನೋ ಗೊತ್ತಿಲ್ಲ. ಅವಳು ಕದಲಲಿಲ್ಲ.

ಕೂತ ಮೇಲೆ ನನಗೆ ತಿಳಿದದ್ದು ಹೆದರಿಕೆ ಮಾತ್ರ. ನನ್ನ ಒಂದು ಪಕ್ಕ ಹಗುರ, ಒಂದು ಪಕ್ಕ ಭಾರ ಅನ್ನಿಸಿತು. ಹಾಗೇನೂ ಆಗುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದರು, ಆದರೂ ಅನ್ನಿಸಿತು. ಲಗಾಮು ಸಡಿಲ ಬಿಟ್ಟೆ. ಅವಳು ನಡೆದಳು. ಹಳ್ಳ ದಾಟಿದಳು. ಪೋಪ್ಲರ್ ಮರಗಳ ಸಾಲಿನ ಹತ್ತಿರ ಬರುವಾಗ, ನಾನು ನನ್ನ ಪಕ್ಕವನ್ನು ಮರೆತು ರಸ್ತೆ ನೋಡುತ್ತಿದ್ದೇನೆ ಎಂದು ಗೊತ್ತಾಯಿತು. ಜೂನ್ ಆದ ಮೇಲೆ ಅಷ್ಟು ಹೊತ್ತು ನನ್ನ ದೇಹವನ್ನು ನಾನು ಮರೆತದ್ದು ಅದೇ ಮೊದಲು.

ಅರ್ಧ ಗಂಟೆ. ನಡಿಗೆ ಮಾತ್ರ. ಬೀಳಲಿಲ್ಲ.

ಬೇಡ ಅಂದಿದ್ದನ್ನು ಮಾಡಿದೆ. ಕ್ಷಮಿಸು ಅಪ್ಪ.

ರಾದಿನಾ

*

ಸೋಫಿಯಾ,
7 ಮಾರ್ಚ್

ಮಗಳೇ,

ನಿಮ್ಮತ್ತೆ ಮಾರುಕಟ್ಟೆಗೆ ಹೋಗಿದ್ದಾಳೆ. ಅವಳು ಬರುವುದರೊಳಗೆ ಇದನ್ನು ಬರೆದು ಮುಗಿಸಬೇಕು. ದೊಡ್ಡವರು ಚಿಕ್ಕವರ ಕ್ಷಮೆ ಕೇಳುವುದು ನಮ್ಮಲ್ಲಿಲ್ಲ, ಗೊತ್ತಾದರೆ ವರ್ಷವಿಡೀ ಆಡಿಕೊಳ್ಳುತ್ತಾಳೆ.

ಕುದುರೆ ವಿಷಯ ಮೊದಲು. ನೀನು ಬಿದ್ದೆ ಎಂದು ಫೋನು ಬರುತ್ತದೆ ಅಂತ ನನಗೆ ದಿನಾ ಅನ್ನಿಸುತ್ತದೆ. ಫೋನು ರಿಂಗಾದರೆ ನಾನು ಸ್ನಾನದ ಮನೆಗೆ ಹೋಗಿ ನೀರು ಬಿಟ್ಟುಕೊಳ್ಳುತ್ತೇನೆ, ನಿಮ್ಮತ್ತೆ ಎತ್ತಲಿ ಅಂತ. ಕುದುರೆಯೇ ಇಲ್ಲದಿದ್ದರೆ ಆ ಫೋನೂ ಇಲ್ಲ ಅಂದುಕೊಂಡೆ. ನಿನಗೆ ಹೇಳಲು ಆರು ಭಾನುವಾರ ಪ್ರಯತ್ನಪಟ್ಟೆ. ಆರು ಸಲವೂ ಚಳಿ ಇದೆಯಾ ಎಂದು ಕೇಳಿದೆ.

ಇನ್ನೊಂದು ವಿಷಯ. ಇದನ್ನು ಬರೆಯಲು ಒಂದು ತಿಂಗಳು ಬೇಕಾಯಿತು.

ಹೋದ ವರ್ಷ ಫೆಬ್ರವರಿಯಲ್ಲಿ ನೀನು ಅಡುಗೆಮನೆಯಲ್ಲಿ ಹುರುಳಿಕಾಯಿ ಬೀಜ ಆರಿಸುತ್ತಿದ್ದೆ. ತಲೆ ಎತ್ತದೆ, "ಅಪ್ಪ, ನಂದು ತಗೋ" ಅಂದೆ. ನಾನು ಬೇಡ ಅಂದೆ. ನೀನು "ರಕ್ತ ಪರೀಕ್ಷೆಗೆ ಕೊಟ್ಟು ಬಂದಿದೀನಿ, ಹೊಂದುತ್ತೆ" ಅಂದೆ. ನಾನು ಸುಮ್ಮನಾದೆ.

ಯಾರ ಮನೆಗೆ ಹೋದರೂ, ಒಂದು ಲೋಟ ರಾಕಿಯಾ ಸಾರಾಯಿ ಕೊಟ್ಟರೂ ನಾನು ಬೇಡ ಬೇಡ ಬೇಡ ಎಂದು ಮೂರು ಸಲ ಹೇಳಿ ಆಮೇಲೆ ಕೈ ಚಾಚುವವನು. ಮಿತ್ರಜ್ಜಿ ಒಂದು ಸೌತೆಕಾಯಿ ಕೊಟ್ಟರೂ ಹಾಗೆಯೇ. ನಿನ್ನ ಕಿಡ್ನಿಗೆ ಒಂದೇ ಸಲ ಬೇಡ ಅಂದೆ.

ಎರಡನೇ ಸಲ ಅನ್ನಲು ಬಾಯಿ ತೆರೆದೆ. ಮತ್ತೆ ಬೇಡ ಅಂದರೆ ನೀನು ಎಲ್ಲಿ ಒಪ್ಪಿಬಿಡುತ್ತೀಯೋ ಅಂತ ಹೆದರಿಕೆಯಾಯಿತು. ಎರಡು ವರ್ಷ ರಕ್ತ ಶುದ್ಧಿ ಮಾಡುವ ಆ ಯಂತ್ರಕ್ಕೆ ಕೈ ಒಡ್ಡಿ ಮಲಗಿದ್ದೆ. ಬದುಕಬೇಕು ಅನ್ನಿಸಿತು. ಅಷ್ಟೇ.

ಅವತ್ತಿನಿಂದ ನಿನ್ನ ಮುಖ ನೋಡಿ ಮಾತಾಡಲು ನನಗೆ ಆಗುತ್ತಿಲ್ಲ. ಅದನ್ನೆಲ್ಲ ಕುದುರೆಯ ತಲೆಗೆ ಕಟ್ಟಿದೆ.

ಮಿಂಚೊಗೆ ಮಾತು ಕೊಟ್ಟಿದ್ದೇನೆ. ಕೊಟ್ಟ ಮಾತು ವಾಪಸು ತಗೊಳ್ಳುವುದು ನನಗೆ ಬರುವುದಿಲ್ಲ. ಆದರೆ ನಿನ್ನೆ ಅವನಿಗೆ ಫೋನು ಮಾಡಿ, ಕುದುರೆ ಮಗಳದ್ದು, ಅವಳು ಕೊಟ್ಟರೆ ತಗೋ, ಇಲ್ಲದಿದ್ದರೆ ಇಲ್ಲ ಎಂದು ಹೇಳಿದೆ. ನಿನಗೆ ಸರಿ ಕಂಡ ಹಾಗೆ ಮಾಡು. ಏನು ಮಾಡಿದೆ ಎಂದು ನಾನು ಕೇಳುವುದಿಲ್ಲ.

ಭಾನುವಾರ ನಾನು ಅಲ್ಲಿ ಇರುವುದಿಲ್ಲ. ಇಲ್ಲಿಂದಲೇ ಕೇಳುತ್ತೇನೆ. ಕ್ಷಮಿಸು ಮಗಳೇ.

ಅಪ್ಪ

*

ಸೋಫಿಯಾ,
12 ಮಾರ್ಚ್

ರಾದಿನಾ,

ನಿಮ್ಮಪ್ಪನಿಗೆ ಗೊತ್ತಿಲ್ಲದೆ ನಿಮ್ಮತ್ತೆ ವೆಲಿಕಾ ಬರೆಯುತ್ತಿರುವುದು.

ನೀವಿಬ್ಬರೂ ಏನು ಮಾಡಿಕೊಂಡಿದ್ದೀರಿ? ಸೋಮವಾರ ನಿನ್ನ ಪತ್ರ ಬಂತು. ಓದಿದ, ಬಾಲ್ಕನಿಗೆ ಹೋದ, ಒಂದು ಗಂಟೆ ಅಲ್ಲೇ ನಿಂತ. ನಾನು ಕೇಳಿದೆ:

"ಏನಂತೆ?"

"ಕ್ಷಮೆ ಕೇಳಿದಾಳೆ."

"ಮತ್ತೆ ದೇವರು ಕ್ಷಮಿಸಲಿ ಅಂತ ಬರಿಯೋ. ಕೇಳಿದ ಮೇಲೆ ಹೇಳ್ಬೇಕು."

"ನಾನೂ ಕೇಳಿದೀನಿ. ಅವಳು ಮೊದ್ಲು ಹೇಳ್ಲಿ."

ನನ್ನ ಅರವತ್ತೆಂಟು ವರ್ಷದಲ್ಲಿ ಹೀಗೆ ಇಬ್ಬರೂ ಕೇಳಿ ಇಬ್ಬರೂ ಹೇಳದೇ ಕೂತದ್ದು ಕಂಡಿಲ್ಲ. ಉಪವಾಸದ ವಾರ ಶುರುವಾಗಿ ಎರಡು ದಿನವಾಯಿತು, ನೀವಿನ್ನೂ ಭಾನುವಾರದಲ್ಲೇ ಇದ್ದೀರಿ.

ಇನ್ನೊಂದು. ಶನಿವಾರ ಕುದುರೆ ಹಬ್ಬ ಇದೆಯಲ್ಲ, ಕುದುರೆ ಆಕಾರದ ಬ್ರೆಡ್ಡು ಸುಟ್ಟು ಅಕ್ಕಪಕ್ಕ ಹಂಚು ಅನ್ನುತ್ತಿದ್ದಾನೆ. ಆರನೇ ಮಹಡಿಯಲ್ಲಿ! ಮನೆಯಲ್ಲಿ ಎಷ್ಟು ಕುದುರೆಯೋ ಅಷ್ಟು ಮಾಡಬೇಕು ತಾನೇ? ಎಷ್ಟು ಎಂದು ಕೇಳಿದರೆ ಗೋಡೆ ನೋಡುತ್ತಾನೆ. ನೀನೇ ಹೇಳು. ಒಂದು ಸುಡಲೋ, ಸುಡಬಾರದೋ?

ಅತ್ತೆ

*

ಬ್ರೆಸ್ತೊವಿನ,
16 ಮಾರ್ಚ್, ಕುದುರೆ ಹಬ್ಬದ ಬೆಳಿಗ್ಗೆ

ಅಪ್ಪ,

ನಿನ್ನೆ ಅತ್ತೆಗೆ ಫೋನು ಮಾಡಿ, ಒಂದು ಸುಡಿ ಎಂದು ಹೇಳಿದೆ. ಈ ಹೊತ್ತಿಗೆ ನಿಮ್ಮ ಮೆಟ್ಟಿಲುಗಳಲ್ಲೆಲ್ಲ ಹಂಚಿ ಮುಗಿದಿರಬೇಕು.

ಇಲ್ಲಿ ಮಿತ್ರಜ್ಜಿ ಆರೂವರೆಗೇ ಬಂದರು. ಬಿಸಿ ಬ್ರೆಡ್ಡನ್ನು ಏಪ್ರನ್ನಿನಲ್ಲಿ ಸುತ್ತಿಕೊಂಡು, ನಮ್ಮ ಬಾಗಿಲಲ್ಲಿ ನಿಂತು, ಪದ್ಧತಿಯಂತೆ ಕುದುರೆ ಹಾಗೆ ಕೆನೆದು ಒಂದು ಕಾಲು ಹಿಂದಕ್ಕೆ ಒದ್ದರು. ಎಂಬತ್ತೊಂದು ವರ್ಷ! ಬಾಗಿಲಿನ ಚೌಕಟ್ಟು ಹಿಡಿದುಕೊಳ್ಳದಿದ್ದರೆ ಬಿದ್ದೇ ಹೋಗುತ್ತಿದ್ದರು.

"ಅಜ್ಜಿ, ಜೋಪಾನ!"

"ನಂಗೆ ಎರಡೂ ಇದಾವೆ ಬಿಡೇ," ಅಂದರು. ನಾನು ನಕ್ಕುಬಿಟ್ಟೆ. ಜೂನ್ ಆದ ಮೇಲೆ ಅದನ್ನು ಎತ್ತಿ ನನ್ನನ್ನು ನಗಿಸಿದ ಎರಡನೆಯವರು ಅವರು. ಮೊದಲನೆಯವರು ಡಾಕ್ಟರಮ್ಮ.

ಮಿಂಚೊ ಎಂಟಕ್ಕೆ ಖಾಲಿ ಟ್ರೇಲರ್ ಎಳೆದುಕೊಂಡು ಬಂದರು. ರಾತ್ರಿಯಿಡೀ ಅವರಿಗೆ ಹೇಳಬೇಕಾದ ವಾಕ್ಯಗಳನ್ನು ಜೋಡಿಸಿಟ್ಟಿದ್ದೆ, ಒಂದೂ ಬಾಯಿಗೆ ಬರಲಿಲ್ಲ.

"ಮಾರಲ್ಲ," ಎಂದಷ್ಟೇ ಅಂದೆ.

"ಮತ್ತೆ ಹತ್ತೋರ್ಯಾರು?"

"ನಾನು."

ಎಲ್ಲರಂತೆ ಅವರೂ ನನ್ನ ಸೊಂಟದ ಹಿಂದೆ ನೋಡಿದರು. ಆಮೇಲೆ ಟೋಪಿ ತೆಗೆದು ತಲೆ ಕೆರೆದುಕೊಂಡರು. "ಗುಡ್ಡ ಹತ್ತಿ ಇಳಿದು ಬಂದಿದೀನಿ. ಇರ್ಲಿ, ಓಟಾನಾದ್ರೂ ನೋಡ್ಕೊಂಡ್ ಹೋಗ್ತೀನಿ." ಮಿತ್ರಜ್ಜಿ ಅವರ ಕೈಗೂ ಒಂದು ತುಂಡು ಬ್ರೆಡ್ಡು ತುರುಕಿದರು.

ಈಗ ಎಲ್ಲರೂ ಓಟದ ಹೊಲಕ್ಕೆ ಹೋಗಿದ್ದಾರೆ. ಡೋಲಿನ ಸದ್ದು ಇಲ್ಲಿಗೆ ಕೇಳಿಸುತ್ತಿದೆ. ನಾನು ಹೋಗುತ್ತಿಲ್ಲ. ಡಾಕ್ಟರಮ್ಮ ಪಂದ್ಯ ಬೇಡ ಅಂದಿದ್ದಾರೆ, ನನಗೂ ಬೇಡ. ಸರ್ನಾಳ ಬಾಲ ಹೆಣೆದಿದ್ದೇನೆ. ಇದನ್ನು ಮುಗಿಸಿ, ಯಾರೂ ಇಲ್ಲದ ಕಡೆ, ಗುಡ್ಡದ ಮೇಲಿನ ದಾರಿಯಲ್ಲಿ ಹೋಗುತ್ತೇವೆ.

ನಿನ್ನ ಪತ್ರವನ್ನು ಸೋಮವಾರದಿಂದ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದೇನೆ. ಮೊದಲು, ಇದರಲ್ಲಿ ಕ್ಷಮಿಸುವಂಥದ್ದು ಏನಿದೆ ಎಂದು ಬರೆಯಲು ಕೂತೆ. ಎರಡು ಸಲ ಬರೆದೆ, ಎರಡು ಸಲ ಹರಿದೆ. ಅದು ನಿಜವಲ್ಲ.

ಅವತ್ತು ಹುರುಳಿಕಾಯಿ ಬೀಜ ಆರಿಸುತ್ತಾ ನಾನು ತಲೆ ಎತ್ತಲಿಲ್ಲವಲ್ಲ, ಯಾಕೆ ಗೊತ್ತಾ? ನೀನು ಇನ್ನೊಂದು ಸಲ ಬೇಡ ಅನ್ನುತ್ತೀಯ ಎಂದು ಕಾಯುತ್ತಿದ್ದೆ. ಅಂದಿದ್ದರೆ ನಾನು ಹಿಂದೆ ಸರಿಯುತ್ತಿರಲಿಲ್ಲ ಅಪ್ಪ, ಆಣೆ ಮಾಡಿ ಹೇಳುತ್ತೇನೆ. ಹಟ ಮಾಡಿ, ಜಗಳವಾಡಿ, ಕೊಟ್ಟೇ ಕೊಡುತ್ತಿದ್ದೆ. ಆದರೂ ಕಾದೆ. ನೀನು ಅನ್ನಲಿಲ್ಲ. ಎದ್ದು ಹೋಗಿ ಒಲೆಗೆ ಕಟ್ಟಿಗೆ ಹಾಕಿದೆ. ಆ ಸದ್ದು ನನಗೆ ಇನ್ನೂ ನೆನಪಿದೆ. ಆಸ್ಪತ್ರೆಯಲ್ಲಿ, ಬಸ್ಸಿನಲ್ಲಿ, ಈ ಮನೆಯಲ್ಲಿ ಒಬ್ಬಳೇ ಊಟ ಮಾಡುವಾಗ, ಎಲ್ಲ ಕಡೆಯೂ ಅದು ನನ್ನ ಜೊತೆಗಿತ್ತು. ಯಾರಿಗೆ ಹೇಳಲಿ? ಎಲ್ಲರೂ ನೀನು ಹೇಗಿದ್ದೀಯ ಎಂದು ಕೇಳುತ್ತಿದ್ದರು.

ಕೊಟ್ಟದ್ದಕ್ಕೆ ನನಗೆ ಬೇಜಾರಿಲ್ಲ. ನೀನು ಬದುಕಿರುವುದು ನನಗೆ ಬೇಕು. ಆದರೆ ಕೊಟ್ಟ ಮೇಲೆ ಉಳಿದದ್ದು ನನ್ನದು. ಅದು ನೀನು ಕಾಯಬೇಕಾದ ವಸ್ತುವಲ್ಲ. ಅದನ್ನು ಕುದುರೆಯ ಮೇಲೆ ಕೂರಿಸಿಕೊಂಡು ಹೋಗುವವಳು ನಾನು.

"ದೇವರು ಕ್ಷಮಿಸಲಿ" ಎಂದು ಬರೆಯುವುದು ಸುಲಭ. ಪೆನ್ನು ಕೈಯಲ್ಲೇ ಇದೆ. ಕಾಗದದಲ್ಲಿ ಬರೆದರೆ ಫೋನಿನಲ್ಲಿ ಚಳಿ ಇದೆಯಾ ಎಂದು ಕೇಳಿದ ಹಾಗೆಯೇ ಆಗುತ್ತದೆ. ಬರೆಯುವುದಿಲ್ಲ. ಜೂನಿನಲ್ಲಿ ನೀನು ಬರುತ್ತೀಯಲ್ಲ, ಅವತ್ತು ಸ್ಮಶಾನದ ತಿರುವಿನಲ್ಲಿ ಬಸ್ಸಿನಿಂದ ಇಳಿದುಬಿಡು. ಬಯಲು ಗಾಳಿ, ಹುಲ್ಲಿನ ಧೂಳಿಲ್ಲ, ದೂರದಲ್ಲೇ ನಿಂತರೆ ಡಾಕ್ಟರು ಏನೂ ಅನ್ನುವುದಿಲ್ಲ. ನಾನು ಸರ್ನಾಳ ಮೇಲೆ ಕೂತು ನಿನ್ನ ಮುಂದೆ ಹಾದುಹೋಗುತ್ತೇನೆ. ನೀನು ಸ್ನಾನದ ಮನೆಗೆ ಓಡಿಹೋಗುವ ಹಾಗಿಲ್ಲ, ಕಣ್ಣು ಮುಚ್ಚುವ ಹಾಗಿಲ್ಲ. ನನ್ನ ಮುಖ ನೋಡಬೇಕು. ಮೊದಲು ನಡಿಗೆ, ಆಮೇಲೆ ನಿಧಾನವಾದ ಓಟ, ಪ್ಲಮ್ ತೋಟದ ಕೊನೆಯವರೆಗೆ ಹೋಗಿ ವಾಪಸು ಬರುವವರೆಗೂ ನೋಡಬೇಕು.

ನಾನು ಇಳಿದ ಮೇಲೆ, ಎದುರಿಗೆ ನಿಂತು ನೀನು ಇನ್ನೊಮ್ಮೆ ಕೇಳು. ನಾನೂ ಕೇಳುತ್ತೇನೆ. ಉತ್ತರವನ್ನು ಅವತ್ತೇ ಹೇಳುವುದೆಂದು ನಿರ್ಧರಿಸಿದ್ದೇನೆ.

ರಾದಿನಾ